ಅಲ್ಲಿ ಈಗ ಟೈಮ್ ಎಷ್ಟು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು, ವಿದೇಶದ ಗಡಿಯಾರದ್ದು. ಮಾರ್ಚ್ ಬಂತು ಅಂದ್ರೆ ಮಕ್ಕಳು ಹೊರಗಿರೋ ಮನೆಗಳಲ್ಲಿ, ಐಟಿ ಕಂಪನಿಗಳಲ್ಲಿ ಇದೇ ಗೋಳು. ಹಾಗಾಗಿ ಮಿಕ್ಕ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇಡೀ ಪುಟ ಇದಕ್ಕೇ ಕೊಟ್ಟಿದೀವಿ.

ಪ್ರಶ್ನೆ: ಮಗ ನ್ಯೂಜೆರ್ಸಿಲಿ, ಮಗಳು ಲಂಡನ್ನಲ್ಲಿ. ಭಾನುವಾರ ರಾತ್ರಿ ಮಗ 8 ಗಂಟೆಗೆ, ಮಗಳು 8:30ಕ್ಕೆ ವಿಡಿಯೋ ಕಾಲ್ ಮಾಡೋದು ರೂಢಿ. ಮಾರ್ಚ್ ಎರಡನೇ ವಾರದಿಂದ ಮಗ 7ಕ್ಕೇ ಶುರು ಹಚ್ಕೊಂಡ, ನಾನಿನ್ನೂ ದೇವರ ಮುಂದೆ ಕೂತಿರ್ತೀನಿ. ಮಗಳದ್ದು ಹಳೇ ಟೈಮೇ ಇತ್ತು, ತಿಂಗಳ ಕೊನೆಗೆ ಅವಳೂ 7:30 ಮಾಡಿದ್ಲು. ಕೇಳಿದ್ರೆ ಇಬ್ರೂ 'ನಾವು ಯಾವತ್ತಿನ ಟೈಮಿಗೇ ಮಾಡ್ತಿರೋದಮ್ಮ' ಅಂತಾರೆ. ಯಾರು ಸರಿ? (ಹಾಸನದಿಂದ ಒಬ್ಬ ತಾಯಿ)

ಉತ್ತರ: ಇಬ್ರೂ ಸರಿ ಕಣಮ್ಮ. ನಿಮ್ಮ ಮಗ ಎದ್ದು ಕಾಫಿ ಕುಡಿದು ಅವನ ಬೆಳಿಗ್ಗೆ 9:30ಕ್ಕೇ ಫೋನ್ ಮಾಡ್ತಿರೋದು, ಚಳಿಗಾಲದಲ್ಲೂ ಅಷ್ಟೇ, ಈಗ್ಲೂ ಅಷ್ಟೇ. ಆದ್ರೆ ಮಾರ್ಚ್ ತಿಂಗಳ ಎರಡನೇ ಭಾನುವಾರ (ಈ 2026ರಲ್ಲಿ ಅದು 8ನೇ ತಾರೀಕು) ಬೆಳಗಿನ ಜಾವ 2 ಗಂಟೆ ಆಗೋ ಹೊತ್ತಿಗೆ ಅಮೆರಿಕದಲ್ಲಿ ಗಡಿಯಾರನ ಸೀದಾ 3ಕ್ಕೆ ದೂಡ್ತಾರೆ. ಬೇಸಿಗೇಲಿ ಸಂಜೆ ಬೆಳಕು ಜಾಸ್ತಿ ಸಿಗ್ಲಿ ಅಂತ ಮಾಡೋ ಈ ಏರ್ಪಾಡಿಗೇ ಡೇಲೈಟ್ ಸೇವಿಂಗ್ ಟೈಮ್, ಬೇಸಿಗೆ ಟೈಮ್ ಅನ್ನೋದು. ನಮ್ಮದು ಇದ್ದಲ್ಲೇ ಇರುತ್ತೆ, ಅವರದ್ದು ಒಂದು ಗಂಟೆ ನಮ್ಮ ಹತ್ತಿರಕ್ಕೆ ಬರುತ್ತೆ. ಚಳಿಗಾಲದಲ್ಲಿ ನ್ಯೂಜೆರ್ಸಿ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಒಂಬತ್ತೂವರೆ. ಕ್ಯಾಲಿಫೋರ್ನಿಯಾ ಆದ್ರೆ ಹದಿಮೂರೂವರೆ ಇದ್ದಿದ್ದು ಹನ್ನೆರಡೂವರೆ ಆಗುತ್ತೆ. ಲಂಡನ್ ಐದೂವರೆಯಿಂದ ನಾಲ್ಕೂವರೆಗೆ, ಜರ್ಮನಿ ನಾಲ್ಕೂವರೆಯಿಂದ ಮೂರೂವರೆಗೆ.

ತಲೆಕೆಡೋದು ಎಲ್ಲಿ ಅಂದ್ರೆ, ಯುರೋಪಿನವರು ಬದಲಾಯಿಸೋದು ಮಾರ್ಚ್ ತಿಂಗಳ ಕೊನೇ ಭಾನುವಾರ, ಈ ವರ್ಷ 29ಕ್ಕೆ. ಅಂದ್ರೆ 8ರಿಂದ 29ರವರೆಗೆ ಮೂರು ವಾರ ಅಮೆರಿಕ ಒಂದು ಕಡೆ, ಲಂಡನ್ ಒಂದು ಕಡೆ. ಯಾವಾಗ್ಲೂ ಐದು ಗಂಟೆ ವ್ಯತ್ಯಾಸ ಇರೋ ನ್ಯೂಯಾರ್ಕ್ ಲಂಡನ್ ಮಧ್ಯೆ ಆ ಮೂರು ವಾರ ನಾಲ್ಕೇ ಗಂಟೆ. ನಿಮ್ಮ ಮಗ ಮಗಳೇ ಒಬ್ಬರಿಗೊಬ್ಬರು ತಪ್ಪು ಟೈಮಿಗೆ ಫೋನ್ ಮಾಡ್ಕೊಂಡಿರ್ತಾರೆ, ಕೇಳಿ ನೋಡಿ. ವಾಪಸ್ ಹೋಗುವಾಗ್ಲೂ ಅಷ್ಟೇ, ಯುರೋಪು ಅಕ್ಟೋಬರ್ ಕೊನೇ ಭಾನುವಾರ, ಅಮೆರಿಕ ನವೆಂಬರ್ ಮೊದಲ ಭಾನುವಾರ, ನಡುವೆ ಒಂದು ವಾರ ಮತ್ತೆ ಗೊಂದಲ. ಮುಂಚೆ ಅಮೆರಿಕದವರೂ ಏಪ್ರಿಲ್ ಮೊದಲ ವಾರ ಶುರು ಮಾಡಿ ಅಕ್ಟೋಬರ್ ಕೊನೆಗೆ ಮುಗಿಸ್ತಿದ್ರು, ಆಗ ಇಷ್ಟು ಅಂತರ ಇರ್ತಿರಲಿಲ್ಲ. 2005ರಲ್ಲಿ ಕರೆಂಟ್ ಉಳಿಸ್ತೀವಿ ಅಂತ ಕಾನೂನು ಮಾಡಿ 2007ರಿಂದ ಈಗಿನ ತಾರೀಕುಗಳಿಗೆ ಎಳೆದ್ರು. ನನ್ನ ಕೇಳಿದ್ರೆ ಗಡಿಯಾರ ಹಿಂದೆ ಮುಂದೆ ಮಾಡೋದನ್ನ ಹೇಗೋ ಸಹಿಸಬಹುದು, ಎಲ್ಲ ಒಂದೇ ದಿನ ಮಾಡಲ್ಲ ಅನ್ನೋದೇ ಅಸಲಿ ಕಾಟ. ಈ ಪುಟದಲ್ಲಿರೋ ಅರ್ಧ ಪ್ರಶ್ನೆಗಳು ಆ ಮೂರು ವಾರ, ಒಂದು ವಾರದಲ್ಲೇ ಹುಟ್ಟಿರೋವು.

ನೆನಪಿಡೋಕೆ ಸುಲಭ ದಾರಿ ಬೇಕು ಅಂದ್ರೆ ಯುಗಾದಿ ಆಸುಪಾಸಲ್ಲಿ ಅವರ ಗಡಿಯಾರ ಮುಂದಕ್ಕೆ, ದೀಪಾವಳಿ ಆಸುಪಾಸಲ್ಲಿ ಹಿಂದಕ್ಕೆ. ಯುಗಾದಿಗೆ ಮಕ್ಕಳ ಫೋನ್ ಬೇಗ ಬರುತ್ತೆ, ದೀಪಾವಳಿಗೆ ಲೇಟು. ಇದು ಅಮೆರಿಕ ಯುರೋಪಿಗೆ ಮಾತ್ರ, ಆಸ್ಟ್ರೇಲಿಯಾಗೆ ಹಚ್ಚಬೇಡಿ, ಅದು ಉಲ್ಟಾ, ಅದರ ಮಾತು ಈ ಪುಟದಲ್ಲೇ ಆಮೇಲೆ ಬರುತ್ತೆ.

ಪ್ರಶ್ನೆ: ನಮ್ಮ ಯಜಮಾನ್ರು ದುಬೈನಲ್ಲಿದಾರೆ. ಅಲ್ಲೂ ಹೀಗೆ ಚೇಂಜ್ ಆಗುತ್ತಾ? (ಉಡುಪಿಯ ಓದುಗರು)

ಉತ್ತರ: ಇಲ್ಲ. ವರ್ಷಪೂರ್ತಿ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಷ್ಟೇ. ಸೌದಿ, ಕುವೈತ್, ಕತಾರ್, ಬಹರೈನ್ ಎರಡೂವರೆ ಗಂಟೆ ಹಿಂದೆ, ಅವೂ ಅಲುಗಾಡಲ್ಲ. ಕರಾವಳಿಯವರು ಈ ವಿಷಯದಲ್ಲಿ ಪುಣ್ಯವಂತರು.

ಪ್ರಶ್ನೆ: ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದೀನಿ. ಕ್ಲೈಂಟ್ ಶಿಕಾಗೋದವರು. ಅವರ ಜೊತೆ ರಾತ್ರಿ 8ಕ್ಕೆ ಒಂದು ಮೀಟಿಂಗು, ನಮ್ಮ ಮ್ಯಾನೇಜರ್ ಇಟ್ಟಿರೋದು 7ಕ್ಕೆ ಇನ್ನೊಂದು. ಮಾರ್ಚ್ 9ನೇ ತಾರೀಕು ಸೋಮವಾರ ನೋಡ್ತೀನಿ, ಎರಡೂ 7ಕ್ಕೇ ಬಂದು ಕೂತಿವೆ. ನಾನಂತೂ ಕ್ಯಾಲೆಂಡರ್ ಮುಟ್ಟೇ ಇಲ್ಲ. ಒಂದು ಮಾತ್ರ ಯಾಕೆ ಜಾರ್ತು? (ಹೆಸರು ಬೇಡ ಅಂದಿದಾರೆ)

ಉತ್ತರ: ಮೀಟಿಂಗ್ ಯಾರು ಕ್ರಿಯೇಟ್ ಮಾಡಿದ್ರೋ ಅವರ ಊರಿಗೆ ಅದು ಅಂಟಿಕೊಂಡಿರುತ್ತೆ. ಕ್ಲೈಂಟ್ ಇಟ್ಟಿದ್ದು ನಿಮ್ಮ ಕಣ್ಣಿಗೆ 'ರಾತ್ರಿ 8' ಅಂತ ಕಂಡ್ರೂ ಒಳಗಡೆ ಅದು 'ಶಿಕಾಗೋ ಬೆಳಿಗ್ಗೆ 8:30, ಪ್ರತಿ ಸೋಮವಾರ' ಅಂತಲೇ ಕೂತಿರೋದು. ಚಳಿಗಾಲದಲ್ಲಿ ಶಿಕಾಗೋ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ, ಈಗ ಹತ್ತೂವರೆ, ಹಾಗಾಗಿ 8 ಹೋಗಿ 7 ಆಯ್ತು. ನಿಮ್ಮ ಮ್ಯಾನೇಜರ್ ಬೆಂಗಳೂರಲ್ಲಿ ಕೂತು ಇಟ್ಟಿದ್ದು ಕೋಲ್ಕತಾ ಟೈಮಿಗೆ ಅಂಟಿದೆ (ಕಂಪ್ಯೂಟರಲ್ಲಿ ಇಡೀ ಇಂಡಿಯಾದ ಟೈಮ್‌ಜೋನಿಗೆ ಹೆಸರು ಕೋಲ್ಕತಾ ಅಂತಲೇ ಇರೋದು, ಬೆಂಗಳೂರು ಅಂತ ಹುಡುಕಬೇಡಿ), ಅದು ನಿಮಗೆ ಅಲುಗಲ್ಲ, ಅದರಲ್ಲಿರೋ ಅಮೆರಿಕದವರಿಗೆ ಮಾತ್ರ ಬೆಳಿಗ್ಗೆ 7:30 ಇದ್ದಿದ್ದು 8:30 ಆಗಿ ಅವರೂ ಅಲ್ಲಿ ನಿಮ್ಮ ಹಾಗೇ ತಲೆ ಕೆರ್ಕೊಳ್ತಿರ್ತಾರೆ.

ಮಾಡಬೇಕಾದ್ದು ಇಷ್ಟು. ಯಾವ ಮೀಟಿಂಗ್ ಯಾರದ್ದು ಅಂತ ಫೆಬ್ರವರಿ ಕೊನೇಲೇ ಒಮ್ಮೆ ನೋಡ್ಕೊಳ್ಳಿ, ಡಿಕ್ಕಿ ಹೊಡೆಯೋವನ್ನ ಮೊದ್ಲೇ ಸರಿಸೋಕೆ ಹೇಳಿ, ಕ್ಯಾಬ್ ಟೈಮ್ ಬದಲಾಗಬೇಕಿದ್ರೆ ಟ್ರಾನ್ಸ್‌ಪೋರ್ಟ್ ಟೀಮಿಗೆ ಶುಕ್ರವಾರವೇ ಮೇಲ್ ಹಾಕಿ, ಸೋಮವಾರ ಸಂಜೆ ಹೇಳಿದ್ರೆ ಯಾರೂ ಕೇಳಲ್ಲ. ಜರ್ಮನಿ ಟೀಮೂ ಇದ್ರೆ 29ನೇ ತಾರೀಕು ಆದ್ಮೇಲೆ ಇನ್ನೊಂದು ಸುತ್ತು ಇದೇ ಕಥೆ.

ಇನ್ನೊಂದು, ಮೇಲ್‌ನಲ್ಲಿ 'ಇಎಸ್‌ಟಿ ಬೆಳಿಗ್ಗೆ 9' ಅಂತ ಜುಲೈ ತಿಂಗಳಲ್ಲೂ ಬರೀತಾರಲ್ಲ, ಅದು ಲೆಕ್ಕಕ್ಕೆ ತಪ್ಪು. ಇಎಸ್‌ಟಿ (ಈಸ್ಟರ್ನ್ ಸ್ಟ್ಯಾಂಡರ್ಡ್ ಟೈಮ್) ಅಂದ್ರೆ ನ್ಯೂಯಾರ್ಕ್ ಕಡೆಯ ಚಳಿಗಾಲದ ಟೈಮು, ಬೇಸಿಗೆದು ಇಡಿಟಿ (ಈಸ್ಟರ್ನ್ ಡೇಲೈಟ್ ಟೈಮ್). ಬರೆದವರ ಮನಸ್ಸಲ್ಲಿ ಇರೋದು 'ನ್ಯೂಯಾರ್ಕಲ್ಲಿ ಈಗ ಎಷ್ಟೋ ಅಷ್ಟು' ಅಂತಲೇ, ಆದ್ರೆ ಅಕ್ಷರ ಹಿಡ್ಕೊಂಡು ಲೆಕ್ಕ ಹಾಕಿದ್ರೆ ಒಂದು ಗಂಟೆ ಹೋಯ್ತು. ನಮ್ಮ ಇಂಡಿಯಾ ಟೈಮಿಗೆ ಐಎಸ್‌ಟಿ ಅಂತ ಬರೆದ್ರೂ ಪೂರ್ತಿ ಸೇಫ್ ಅಲ್ಲ, ಐರ್ಲೆಂಡಿನವರ ಬೇಸಿಗೆ ಟೈಮಿಗೂ ಇಸ್ರೇಲಿನ ಟೈಮಿಗೂ ಅದೇ ಮೂರಕ್ಷರ. ಡಬ್ಲಿನ್ ಆಫೀಸಿನ ಜೊತೆ ಕೆಲಸ ಮಾಡೋರಿಗೆ ಗೊತ್ತಿರುತ್ತೆ ಈ ಸುಖ. ಊರ ಹೆಸರು ಬರೀರಿ, 'ಬೆಂಗಳೂರು ಸಂಜೆ 7, ಡಬ್ಲಿನ್ ಮಧ್ಯಾಹ್ನ 2:30' ಅಂತ, ವಾದನೇ ಇರಲ್ಲ.

ಪ್ರಶ್ನೆ: ಇದನ್ನೆಲ್ಲ ಶುರು ಮಾಡಿದ್ದು ಬೆಂಜಮಿನ್ ಫ್ರಾಂಕ್ಲಿನ್, ರೈತರಿಗೆ ಅನುಕೂಲ ಆಗ್ಲಿ ಅಂತ ಮಾಡಿದ್ದು ಅಂತ ನಮ್ಮ ಲೆಕ್ಚರರ್ ಹೇಳಿದ್ರು, ನಿಜಾನಾ? (ತುಮಕೂರು, ಪದವಿ ವಿದ್ಯಾರ್ಥಿ)

ಉತ್ತರ: ಎರಡೂ ಅಲ್ಲ, ಆದ್ರೆ ಲೆಕ್ಚರರ್ ಮುಂದೆ ಹೇಳೋಕೆ ಹೋಗ್ಬೇಡಿ, ಇಂಟರ್ನಲ್ಸ್ ಇರುತ್ತೆ. ಫ್ರಾಂಕ್ಲಿನ್ 1784ರಲ್ಲಿ ಪ್ಯಾರಿಸ್ ಪತ್ರಿಕೆಗೆ ಒಂದು ತಮಾಷೆ ಪತ್ರ ಬರೆದಿದ್ದು ಹೌದು, ಪ್ಯಾರಿಸ್ ಜನ ಮಧ್ಯಾಹ್ನದವರೆಗೆ ಮಲಗಿ ರಾತ್ರಿ ಮೇಣದಬತ್ತಿ ಸುಡ್ತಾರೆ, ಬೇಗ ಎದ್ರೆ ಎಷ್ಟು ಮೇಣ ಉಳಿಯುತ್ತೆ ನೋಡಿ ಅಂತ. ಗಡಿಯಾರ ತಿರುಗಿಸಿ ಅಂತ ಎಲ್ಲೂ ಹೇಳಿಲ್ಲ. ಗಡಿಯಾರದ ಮಾತು ತೆಗೆದವನು ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್. ಅಂಚೆ ಇಲಾಖೆ ನೌಕರ, ಕೀಟ ಹಿಡಿಯೋ ಹುಚ್ಚು. ಡ್ಯೂಟಿ ಮುಗಿಸಿ ಬರೋಷ್ಟ್ರಲ್ಲಿ ಬೆಳಕು ಹೋಗುತ್ತೆ, ಹುಳ ಹಿಡಿಯೋಕೆ ಟೈಮ್ ಸಾಲಲ್ಲ ಅಂತ 1895ರಲ್ಲಿ ಬೇಸಿಗೆಲಿ ಎರಡು ಗಂಟೆ ಮುಂದಿಡೋಣ ಅಂದ. ಆಮೇಲೆ ಇಂಗ್ಲೆಂಡಲ್ಲಿ ಮನೆ ಕಟ್ಟಿಸೋ ಬಿಲ್ಡರ್ ವಿಲಿಯಂ ವಿಲೆಟ್, ಬೆಳಿಗ್ಗೆ ಕುದುರೆ ಮೇಲೆ ಹೋಗುವಾಗ ಇಷ್ಟು ಬೆಳಕಿದ್ರೂ ಜನ ಪರದೆ ಎಳ್ಕೊಂಡು ಮಲಗಿದಾರಲ್ಲ ಅಂತ ಹೊಟ್ಟೆ ಉರ್ಕೊಂಡು 1907ರಲ್ಲಿ ಸ್ವಂತ ದುಡ್ಡಲ್ಲಿ ಒಂದು ಕಿರುಪುಸ್ತಕ ಹಾಕಿಸಿದ. ಅವನ ಲೆಕ್ಕ ಇನ್ನೂ ಮಜಾ, ಏಪ್ರಿಲ್‌ನ ನಾಲ್ಕು ಭಾನುವಾರ ಇಪ್ಪತ್ತಿಪ್ಪತ್ತು ನಿಮಿಷ ಮುಂದಿಡೋದು, ಸೆಪ್ಟೆಂಬರ್‌ನಲ್ಲಿ ಹಾಗೇ ಹಿಂದಿಡೋದು. ಸದ್ಯ ಅದು ಆಗ್ಲಿಲ್ಲ, ಆಗಿದ್ರೆ ಹಾಸನದ ತಾಯಿಯ ಗತಿ ಏನಾಗ್ತಿತ್ತೋ. ಪಾರ್ಲಿಮೆಂಟಲ್ಲಿ ವರ್ಷಗಟ್ಲೆ ತಳ್ಳಾಡಿದ್ರು, ವಿಲೆಟ್ 1915ರಲ್ಲಿ ತೀರಿಕೊಂಡ. ಮರುವರ್ಷವೇ, 1916ರ ಏಪ್ರಿಲ್ 30ಕ್ಕೆ, ಮೊದಲ ಮಹಾಯುದ್ಧದ ನಡುವೆ ಕಲ್ಲಿದ್ದಲು ಉಳಿಸೋಕೆ ಜರ್ಮನಿ ಗಡಿಯಾರ ಮುಂದಿಟ್ತು, ಮೂರು ವಾರದಲ್ಲಿ ಬ್ರಿಟನ್ನೂ ಹಿಂದೆ ಬಂತು. ಬದುಕಿದ್ದಾಗ ಯಾರೂ ಕೇಳಲಿಲ್ಲ, ಶತ್ರು ದೇಶ ಮಾಡಿದ ಕೂಡ್ಲೇ ಎಲ್ಲರಿಗೂ ಬುದ್ಧಿ ಬಂತು.

ರೈತರ ಕಥೆ ಪೂರ್ತಿ ಉಲ್ಟಾ. ಅಮೆರಿಕದಲ್ಲಿ ಇದನ್ನ ಜೋರಾಗಿ ವಿರೋಧಿಸಿದ್ದೇ ರೈತರು. ಹುಲ್ಲಿನ ಮೇಲಿನ ಇಬ್ಬನಿ ಆರೋಕೆ ಸೂರ್ಯ ಬೇಕು, ಹಸು ಕೆಚ್ಚಲು ತುಂಬೋದು ಅದರ ಹೊತ್ತಿಗೆ, ಹಾಲಿನ ಗಾಡಿ ಮಾತ್ರ ಗಡಿಯಾರ ನೋಡ್ಕೊಂಡು ಒಂದು ಗಂಟೆ ಮುಂಚೆ ಬಂದು ನಿಲ್ಲೋದು. ನಮ್ಮಲ್ಲಿ ಡೇರಿಗೆ ಹಾಲು ಹಾಕೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 1918ರಲ್ಲಿ ತಂದ ಕಾನೂನನ್ನ 1919ರಲ್ಲೇ ಕಿತ್ತು ಹಾಕಿದ್ರು, ಅಧ್ಯಕ್ಷ ವಿಲ್ಸನ್ ವೀಟೋ ಮಾಡಿದ್ರೂ ಕಾಂಗ್ರೆಸ್ ಕೇಳಲಿಲ್ಲ. ಆಮೇಲೆ ಊರಿಗೊಂದು ಟೈಮ್ ಇಟ್ಕೊಂಡು ಬಸ್ಸು ರೈಲಿನವರಿಗೆಲ್ಲ ಹುಚ್ಚು ಹಿಡಿಸಿ ಕೊನೆಗೆ 1966ರಲ್ಲಿ ಎಲ್ಲ ಒಂದೇ ತಾರೀಕು ಅಂತ ಕಾನೂನು ಬಂತು.

ಕರೆಂಟ್ ನಿಜವಾಗ್ಲೂ ಉಳಿಯುತ್ತಾ ಅಂತ ಮುಂದಿನ ಪ್ರಶ್ನೆ ಬರುತ್ತೆ ಗೊತ್ತು. ಇಂಡಿಯಾನಾ ರಾಜ್ಯದ ಬಹಳಷ್ಟು ಜಿಲ್ಲೆಗಳಲ್ಲಿ 2006ರವರೆಗೆ ಈ ಪದ್ಧತಿ ಇರಲಿಲ್ಲ, ಆ ವರ್ಷ ಇಡೀ ರಾಜ್ಯಕ್ಕೆ ತಂದ್ರು, ಅರ್ಥಶಾಸ್ತ್ರಜ್ಞರಿಗೆ ಕೂತಲ್ಲೇ ಪ್ರಯೋಗಶಾಲೆ ಸಿಕ್ಕಂಗಾಯ್ತು. ಮುಂಚಿನ ಬಿಲ್ಲು, ಆಮೇಲಿನ ಬಿಲ್ಲು ಹೋಲಿಸಿ ನೋಡಿದ್ರೆ ಮನೆಗಳ ಕರೆಂಟ್ ಖರ್ಚು ಸುಮಾರು ಶೇ. 1ರಷ್ಟು ಜಾಸ್ತಿಯೇ ಆಗಿತ್ತು. ಲೈಟ್ ಉಳಿತು, ಆದ್ರೆ ಬಿಸಿಲು ಇಳಿಯೋ ಮುಂಚೆ ಮನೆಗೆ ಬಂದು ಏಸಿ ಹಾಕಿದ್ರಲ್ಲ, ಅದು ತಿಂದುಹಾಕ್ತು. 1916ರಲ್ಲಿ ಮನೆಯ ಖರ್ಚು ಅಂದ್ರೆ ದೀಪ, ಈಗ ದೀಪ ಯಾವ ಲೆಕ್ಕ.

ಪ್ರಶ್ನೆ: ನಮ್ಮ ತಾತನ ಜಾತಕ ತೋರಿಸೋಕೆ ಹೋದ್ರೆ (ಹುಟ್ಟಿದ್ದು 1943) ಜ್ಯೋತಿಷಿಗಳು ಹುಟ್ಟಿದ ಟೈಮಲ್ಲಿ ಒಂದು ಗಂಟೆ ಕಳೆದ್ರು. ಯಾಕೆ ಅಂದ್ರೆ 'ಯುದ್ಧದ ಟೈಮು' ಅಂದ್ರು, ಅರ್ಥ ಆಗ್ಲಿಲ್ಲ. ಈಗ ಮೊಮ್ಮಗಳು ಜುಲೈನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದಾಳೆ, ಅದಕ್ಕೂ ಕಳೀಬೇಕಾ? (ಧಾರವಾಡ)

ಉತ್ತರ: ಜ್ಯೋತಿಷಿಗಳು ಹುಷಾರಿದಾರೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಇಂಡಿಯಾದ ಗಡಿಯಾರನೂ ಒಂದು ಗಂಟೆ ಮುಂದಿಟ್ಟಿತ್ತು, 1942ರ ಸೆಪ್ಟೆಂಬರಿಂದ 1945ರ ಅಕ್ಟೋಬರ್ ಮಧ್ಯದವರೆಗೆ. ಬೇಸಿಗೆಗೆ ಮುಂದೆ, ಚಳಿಗಾಲಕ್ಕೆ ಹಿಂದೆ ಅಂತೇನಿಲ್ಲ, ಮೂರು ವರ್ಷ ಚಿಲ್ಲರೆ ಹಾಗೇ ಇತ್ತು. ಆ ಕಾಲದಲ್ಲಿ ಗಡಿಯಾರ ನೋಡಿ ಬರೆದಿಟ್ಟ ಜನ್ಮಸಮಯ ಆದ್ರೆ ಒಂದು ಗಂಟೆ ಕಳೆದ್ರೆ ಮಾತ್ರ ಈಗಿನ ಲೆಕ್ಕಕ್ಕೆ ಕೂರೋದು. ಲಗ್ನ ಹೆಚ್ಚುಕಮ್ಮಿ ಎರಡು ಗಂಟೆಗೊಮ್ಮೆ ಬದಲಾಗೋದ್ರಿಂದ ಒಂದು ಗಂಟೆ ಅಂದ್ರೆ ಅವರ ಪಾಲಿಗೆ ಸಣ್ಣ ವಿಷಯ ಅಲ್ಲ. ಆದ್ರೆ ಒಂದು ನೋಡ್ಕೊಳ್ಳಿ, ತಾತನ ಹಳೇ ಜಾತಕದ ಹಾಳೇಲಿ 'ಸೂರ್ಯೋದಯಾದಿ ಗತ ಘಟಿ' ಅಂತ ಬರೆದು ಅದರ ಮುಂದೆ ಘಳಿಗೆ ವಿಘಳಿಗೆ ಕೊಟ್ಟಿದ್ರೆ ಅದು ಸೂರ್ಯ ಹುಟ್ಟಿದ ಮೇಲೆ ಎಷ್ಟು ಹೊತ್ತು ಅನ್ನೋ ಲೆಕ್ಕ (ಒಂದು ಘಳಿಗೆ ಅಂದ್ರೆ 24 ನಿಮಿಷ). ಅದನ್ನ ಆ ದಿನದ ಸೂರ್ಯೋದಯಕ್ಕೆ ನೇರವಾಗಿ ಕೂಡಿಸಿದ್ರಾಯ್ತು, ಬ್ರಿಟಿಷರ ಗಡಿಯಾರ ಮಧ್ಯೆ ಬರೋದೇ ಇಲ್ಲ, ಏನೂ ಕಳೆಯೋ ಹಾಗಿಲ್ಲ. ಕಾಗದದಲ್ಲಿ ಏನಿದೆ ನೋಡಿ ಆಮೇಲೆ ಹೇಳಿ ಅಂತ ಇನ್ನೊಮ್ಮೆ ಕೇಳಿ.

ಮೊಮ್ಮಗಳದ್ದು. ಆಸ್ಪತ್ರೆ ಸರ್ಟಿಫಿಕೇಟಲ್ಲಿ ಇರೋದು ಅಲ್ಲಿನ ಬೇಸಿಗೆ ಟೈಮು. ಸಂಜೆ 4:10 ಅಂತಿದ್ರೆ ಅದು ನಮ್ಮ ಮರುದಿನ ಬೆಳಗಿನ ಜಾವ 4:40, ಹದಿಮೂರೂವರೆ ಅಲ್ಲ ಹನ್ನೆರಡೂವರೆ ಕೂಡಿಸಿ. ಈಗಿನ ಸಾಫ್ಟ್‌ವೇರಿಗೆ ಊರು, ತಾರೀಕು ಕೊಟ್ರೆ ಅದೇ ನೋಡ್ಕೊಳ್ಳುತ್ತೆ. ಎಡವಟ್ಟಾಗೋದು ಹಳೇ ಸಾಫ್ಟ್‌ವೇರಲ್ಲಿ, ಮನೆಯವರು ಒಂದು ಗಂಟೆ ಕಳೆದು ಟೈಮ್ ಕಳಿಸ್ತಾರೆ, ಜೋಯಿಸರು ಅಲ್ಲಿ ಡೇಲೈಟ್ ಅನ್ನೋ ಡಬ್ಬೀಲಿ ಟಿಕ್ ಹಾಕಿ ಇನ್ನೊಂದು ಗಂಟೆ ಕಳೀತಾರೆ. ಸರ್ಟಿಫಿಕೇಟಲ್ಲಿ ಇರೋದನ್ನ ಇದ್ದಹಾಗೇ ಕಳ್ಸಿ, ಕಳೆಯೋ ಕೆಲಸ ಒಬ್ರೇ ಮಾಡ್ಲಿ. ಅಲ್ಲಿರೋರು ರಾಹುಕಾಲ ಕೇಳ್ತಾರೆ, ಅದಕ್ಕೂ ಇಲ್ಲಿನ ಕ್ಯಾಲೆಂಡರ್ ನೋಡಿ 'ಸೋಮವಾರ ಏಳೂವರೆಯಿಂದ ಒಂಬತ್ತು' ಅಂತ ಹೇಳಬೇಡಿ. ಅದು ಬೆಳಿಗ್ಗೆ 6ರಿಂದ ಸಂಜೆ 6 ಹಗಲು ಅಂತ ಹಿಡಿದು ಎಂಟು ಭಾಗ ಮಾಡಿದ್ದು. ಸಿಯಾಟಲ್‌ನಲ್ಲಿ ಜೂನ್ ತಿಂಗಳ ಹಗಲು ಸುಮಾರು 16 ಗಂಟೆ, ಅಲ್ಲಿ ರಾಹುಕಾಲವೇ ಎರಡು ಗಂಟೆ ಹಿಡಿಯುತ್ತೆ.

ಇದೇ ಜಾಡಲ್ಲಿ ಇನ್ನೊಂದು. ನವೆಂಬರ್ ಮೊದಲ ಭಾನುವಾರ ಅಮೆರಿಕದಲ್ಲಿ ರಾತ್ರಿ 2 ಆಗೋಷ್ಟರಲ್ಲಿ ಮತ್ತೆ 1 ಮಾಡ್ತಾರೆ, ಹಾಗಾಗಿ 1ರಿಂದ 2ರ ಮಧ್ಯದ ಗಂಟೆ ಎರಡು ಸಲ ಬರುತ್ತೆ. ಅವತ್ತು ಅವಳಿ ಮಕ್ಕಳು ಹುಟ್ಟಿ, ಮೊದಲನೇದು 1:50ಕ್ಕೆ, ಇಪ್ಪತ್ತು ನಿಮಿಷ ಆದ್ಮೇಲೆ ಎರಡನೇದು 1:10ಕ್ಕೆ ಅಂತ ಬರೆದ್ರೆ ಕಾಗದದ ಮೇಲೆ ತಮ್ಮನೇ ಅಣ್ಣ. ಆ ರಾತ್ರಿ ಹುಟ್ಟಿದ ಮಗು ಮನೇಲಿದ್ರೆ ಮೊದಲನೇ ಸಲದ ಒಂದೂವರೆಯೋ ಎರಡನೇ ಸಲದ್ದೋ ಅಂತ ಈಗ್ಲೇ ಆಸ್ಪತ್ರೆಯಲ್ಲಿ ಕೇಳಿ ಬರೆದಿಟ್ಕೊಳ್ಳಿ, ಇಪ್ಪತ್ತೈದು ವರ್ಷ ಆದ್ಮೇಲೆ ಹೆಣ್ಣು ಗಂಡು ನೋಡೋ ಹೊತ್ತಿಗೆ ಯಾರಿಗೂ ನೆನಪಿರಲ್ಲ.

ಪ್ರಶ್ನೆ: ಇಷ್ಟೆಲ್ಲ ದೇಶ ಮಾಡ್ತವೆ ಅಂದ್ರೆ ಏನೋ ಲಾಭ ಇರಲೇಬೇಕು, ನಾವ್ಯಾಕೆ ಮಾಡಬಾರದು? (ಸಾಗರ)

ಉತ್ತರ: ಉಳಿಸೋಕೆ ನಮ್ಮತ್ರ ಬೆಳಕಿನ ವ್ಯತ್ಯಾಸವೇ ಇಲ್ವಲ್ಲ. ಬೆಂಗಳೂರಲ್ಲಿ ಜೂನ್ ತಿಂಗಳ ದೊಡ್ಡ ಹಗಲು ಹನ್ನೆರಡೂ ಮುಕ್ಕಾಲು ಗಂಟೆ ದಾಟಿ ಸ್ವಲ್ಪ, ಡಿಸೆಂಬರ್‌ನ ಚಿಕ್ಕ ಹಗಲು ಹನ್ನೊಂದೂಕಾಲು ದಾಟಿ ಸ್ವಲ್ಪ. ಒಂದೂವರೆ ಗಂಟೆ ಫರಕು. ಲಂಡನ್ನಲ್ಲಿ ಬೇಸಿಗೆ ಹಗಲು ಹದಿನಾರೂವರೆ ಗಂಟೆ, ಚಳಿಗಾಲದ್ದು ಎಂಟು ಗಂಟೆನೂ ಇಲ್ಲ. ಅವರಿಗೆ ಬೇಸಿಗೇಲಿ ನಾಲ್ಕು ಗಂಟೆಗೇ ಬೆಳಕು ಬಂದು ವೇಸ್ಟ್ ಆಗುತ್ತೆ ಅನ್ನೋ ಸಂಕಟ ನಿಜ, ಅದಕ್ಕೆ ಈ ಏರ್ಪಾಡು.

ನಮ್ಮ ತೊಂದರೆ ಋತುವಿನದ್ದಲ್ಲ, ಅಗಲದ್ದು. ಮಿರ್ಜಾಪುರದ ಹತ್ತಿರ ಹಾದುಹೋಗೋ 82.5 ಡಿಗ್ರಿ ರೇಖೆ ಹಿಡಿದು ಗುಜರಾತಿಗೂ ಅರುಣಾಚಲಕ್ಕೂ ಒಂದೇ ಟೈಮ್ ಕೊಟ್ಟಿದೀವಿ, ಪೂರ್ವದಲ್ಲಿ ಸಂಜೆ ಬೇಗ ಕತ್ತಲು. ಅಸ್ಸಾಮಿನ ಟೀ ತೋಟದವರು ಅದಕ್ಕೇ ಬ್ರಿಟಿಷರ ಕಾಲದಿಂದ 'ಬಾಗಾನ್ ಟೈಮ್' ಅಂತ ಒಂದು ಗಂಟೆ ಮುಂದಿನ ಗಡಿಯಾರ ಇಟ್ಕೊಂಡಿದಾರೆ. ಇದಕ್ಕೆ ನಮ್ಮ ಬೆಂಗಳೂರಿಂದಲೇ ಒಂದು ಸಲಹೆ ಹೋಗಿತ್ತು, ಐಐಎಸ್‌ಸಿ ಕ್ಯಾಂಪಸ್ಸಲ್ಲಿರೋ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್‌ನ ದಿಲೀಪ್ ಅಹುಜಾ, ಡಿ.ಪಿ. ಸೇನ್‌ಗುಪ್ತ ಮತ್ತವರ ಜೊತೆಗಾರರು ಇಡೀ ದೇಶದ ಟೈಮನ್ನ ಒಂದೇ ಸಲ ಅರ್ಧ ಗಂಟೆ ಮುಂದಿಟ್ಟು ಅಲ್ಲೇ ಬಿಡೋಣ, ಸಂಜೆ ಎಲ್ಲರೂ ಒಟ್ಟಿಗೆ ಲೈಟ್ ಹಾಕೋ ಹೊತ್ತಿನ ಹೊರೆ ಇಳಿಯುತ್ತೆ ಅಂತ ಲೆಕ್ಕ ಹಾಕಿ ತೋರಿಸಿದ್ರು. ವರ್ಷಕ್ಕೆರಡು ಸಲ ಹಿಂದೆ ಮುಂದೆ ಮಾಡೋ ಗಲಾಟೆ ಬೇಡ ಅಂತಲೇ ಅವರ ಅಭಿಪ್ರಾಯ ಕೂಡ. ಸರ್ಕಾರ ಒಪ್ಪಲಿಲ್ಲ, ಫೈಲಲ್ಲಿದೆ.

ಪ್ರಶ್ನೆ: ತಂಗಿ ಸಿಡ್ನಿ, ತಮ್ಮ ಬ್ರಿಸ್ಬೇನ್. ಎರಡೂ ಆಸ್ಟ್ರೇಲಿಯಾ, ಎರಡೂ ಪೂರ್ವದಲ್ಲೇ ಇವೆ. ವರ್ಷದಲ್ಲಿ ಅರ್ಧ ದಿನ ಟೈಮ್ ಒಂದೇ ಇರುತ್ತೆ, ಅರ್ಧ ದಿನ ಬೇರೆ. ಇದೇನು? (ಮೈಸೂರು)

ಉತ್ತರ: ಬ್ರಿಸ್ಬೇನ್ ಇರೋ ಕ್ವೀನ್ಸ್‌ಲ್ಯಾಂಡ್ ರಾಜ್ಯ ಗಡಿಯಾರ ಮುಟ್ಟಲ್ಲ, ಯಾವಾಗ್ಲೂ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಸಿಡ್ನಿ ಅಕ್ಟೋಬರ್ ಮೊದಲ ಭಾನುವಾರ ಮುಂದಿಟ್ಟು ಏಪ್ರಿಲ್ ಮೊದಲ ಭಾನುವಾರ ಹಿಂದಿಡುತ್ತೆ, ಅಲ್ಲಿಯ ಬೇಸಿಗೆ ನಮ್ಮ ಚಳಿಗಾಲ ತಾನೇ. ಹಾಗಾಗಿ ಡಿಸೆಂಬರಲ್ಲಿ ತಂಗಿ ಐದೂವರೆ ಗಂಟೆ ಮುಂದೆ, ತಮ್ಮ ನಾಲ್ಕೂವರೆ. ತಮಾಷೆ ಅಂದ್ರೆ ಅಡಿಲೇಡ್ ನಕ್ಷೆ ಮೇಲೆ ಬ್ರಿಸ್ಬೇನಿಗಿಂತ ಎಷ್ಟೋ ಪಶ್ಚಿಮಕ್ಕಿದೆ, ಆದ್ರೂ ಡಿಸೆಂಬರಲ್ಲಿ ಅದರ ಗಡಿಯಾರ ಬ್ರಿಸ್ಬೇನಿಗಿಂತ ಅರ್ಧ ಗಂಟೆ ಮುಂದಿರುತ್ತೆ. ಲಾರ್ಡ್ ಹೋವ್ ಅಂತ ಒಂದು ಪುಟ್ಟ ದ್ವೀಪ ಇದೆ ಅವರದ್ದೇ, ಅಲ್ಲಿಯವರು ಬೇಸಿಗೆಗೆ ಅರ್ಧ ಗಂಟೆ ಮಾತ್ರ ಮುಂದಿಡ್ತಾರೆ. ಒಂದು ಗಂಟೆ ಯಾಕೋ ಜಾಸ್ತಿ ಅನ್ನಿಸ್ತು ಅಂತ ಕಾಣುತ್ತೆ.

ಪ್ರಶ್ನೆ: ಅಮೆರಿಕದ ಷೇರು ಮಾರ್ಕೆಟ್ ಓಪನ್ ಆಗೋದು ಸಂಜೆ 7ಕ್ಕಾ 8ಕ್ಕಾ? (ದಾವಣಗೆರೆ)

ಉತ್ತರ: ಮಾರ್ಚಿಂದ ನವೆಂಬರ್ 7, ಆಮೇಲೆ 8. ನೀವು ಎಂಸಿಎಕ್ಸ್ ಅನ್ನೋ ಸರಕು ಮಾರ್ಕೆಟ್ಟಲ್ಲಿ ಚಿನ್ನ, ಕಚ್ಚಾತೈಲ ಆಡೋರಾದ್ರೆ ಅಲ್ಲೂ ಇದರ ಬಾಲ ಇದೆ, ಅಮೆರಿಕದ ಬೇಸಿಗೆ ಟೈಮ್ ಇರುವಾಗ ರಾತ್ರಿ 11:30ಕ್ಕೆ ಮುಚ್ಚುತ್ತೆ, ಚಳಿಗಾಲದಲ್ಲಿ 11:55. ಮುಂಬೈ ಎಕ್ಸ್‌ಚೇಂಜು, ಕಾಯೋದು ಮಾತ್ರ ನ್ಯೂಯಾರ್ಕ್ ಗಡಿಯಾರ.

ಪ್ರಶ್ನೆ: ಕಳೆದ ಜೂನ್‌ನಲ್ಲಿ ಮಗನ ಮನೆಗೆ ಅಂತ ಹೋದವರು ಅರಿಜೋನಾ ಸುತ್ತಿದ್ವಿ. ಕಾರಲ್ಲಿ ಹೋಗ್ತಾ ಇದ್ರೆ ಫೋನಿನ ಟೈಮ್ ತಾನೇ ಒಂದು ಗಂಟೆ ಮುಂದೆ ಹೋಗೋದು, ಸ್ವಲ್ಪ ದೂರಕ್ಕೆ ಹಿಂದೆ ಬರೋದು, ಮತ್ತೆ ಮುಂದೆ. ಫೋನ್ ಕೆಟ್ಟಿದೆ ಅಂತ ಮಗನ ಹತ್ರ ಬೈಸ್ಕೊಂಡೆ. (ಬಳ್ಳಾರಿ)

ಉತ್ತರ: ಫೋನ್ ಸರಿಯಾಗೇ ಇದೆ. ಅರಿಜೋನಾದವರು 1968ರಲ್ಲೇ ಇದರಿಂದ ಹೊರಗೆ ಬಂದ್ರು. ಬಳ್ಳಾರಿಯವರಿಗೆ ಕಾರಣ ಹೇಳೋದೇ ಬೇಡ, ಏಪ್ರಿಲ್ ಮೇ ತಿಂಗಳಲ್ಲಿ ಸಂಜೆ ಇನ್ನೊಂದು ಗಂಟೆ ಬಿಸಿಲು ಕೊಡ್ತೀವಿ ಅಂದ್ರೆ ನೀವು ತಗೊಳ್ತೀರಾ? ಆದ್ರೆ ಅದೇ ರಾಜ್ಯದ ಈಶಾನ್ಯಕ್ಕೆ ನವಾಹೋ ಅನ್ನೋ ಮೂಲನಿವಾಸಿ ಜನರ ಸೀಮೆ ಇದೆ, ಅದು ಪಕ್ಕದ ಯೂಟಾ, ನ್ಯೂ ಮೆಕ್ಸಿಕೋಗೂ ಹಬ್ಬಿರೋದ್ರಿಂದ ಅವರು ಗಡಿಯಾರ ಮುಂದಿಡ್ತಾರೆ. ಆ ನವಾಹೋ ಸೀಮೆಯ ಒಳಗೇ ಇರೋ ಹೋಪಿ ಅನ್ನೋ ಇನ್ನೊಂದು ಮೂಲನಿವಾಸಿ ಜನರ ಸೀಮೆಲಿ ಮುಂದಿಡಲ್ಲ. ಟ್ಯೂಬಾ ಸಿಟಿ ನವಾಹೋದ್ದು, ಅದಕ್ಕೆ ಅಂಟಿಕೊಂಡೇ ಇರೋ ಮೊಯೆನ್‌ಕೋಪಿ ಹೋಪಿಗಳದ್ದು, ಬೇಸಿಗೇಲಿ ರಸ್ತೆ ದಾಟಿದ್ರೆ ಒಂದು ಗಂಟೆ ಫರಕು. ಇನ್ನೂ ಕೇಳಿ, ಆಂಟಿಲೋಪ್ ಕ್ಯಾನಿಯನ್ ಇರೋದು ನವಾಹೋ ನೆಲದಲ್ಲಿ, ಟೂರ್ ಟಿಕೆಟ್ ಮಾತ್ರ ಅರಿಜೋನಾ ಟೈಮಿಗೆ, ಮಾನ್ಯುಮೆಂಟ್ ವ್ಯಾಲಿಲಿ ನವಾಹೋ ಟೈಮೇ. ಮುಂದಿನ ಸಲ ಹೋಗೋರು ಫೋನಲ್ಲಿ ಆಟೋಮ್ಯಾಟಿಕ್ ಆಫ್ ಮಾಡಿ ಫೀನಿಕ್ಸ್ ಅಂತ ಇಟ್ಬಿಡಿ, ಟಿಕೆಟ್ ಬುಕ್ ಮಾಡುವಾಗ 'ಇದು ಯಾವ ಟೈಮು' ಅಂತ ಬಾಯಿಬಿಟ್ಟು ಕೇಳಿ. ಮಗನ ಹತ್ರ ಬೈಸ್ಕೊಂಡಿದ್ದನ್ನ ಈ ಪುಟ ಕಳಿಸಿ ವಸೂಲಿ ಮಾಡಿ.

ಪ್ರಶ್ನೆ: ಅಮೆರಿಕದಲ್ಲಿ ಇದನ್ನ ತೆಗೆದುಹಾಕ್ತಾರಂತೆ, ಯುರೋಪಲ್ಲೂ ತೆಗೀತಾರಂತೆ ಅಂತ ವರ್ಷ ವರ್ಷ ಕೇಳ್ತಾನೇ ಇದೀವಿ. ಯಾವಾಗ? (ಶಿರಸಿ)

ಉತ್ತರ: ನಾವೂ ಕೇಳ್ತಾನೇ ಇದೀವಿ. ಯುರೋಪಿನ ಪಾರ್ಲಿಮೆಂಟು 2019ರಲ್ಲಿ ಓಟು ಹಾಕಿ 2021ಕ್ಕೆ ನಿಲ್ಲಿಸೋಣ ಅಂತು, ದೇಶಗಳ ಸರ್ಕಾರಗಳು ಬೇಸಿಗೆದಿಟ್ಕೊಳ್ಳೋದಾ ಚಳಿಗಾಲದ್ದಾ ಅಂತ ಒಪ್ಪಂದಕ್ಕೇ ಬರಲಿಲ್ಲ. ಅಮೆರಿಕದ ಸೆನೆಟ್ 2022ರ ಮಾರ್ಚಲ್ಲಿ ಕಾಯಂ ಬೇಸಿಗೆ ಟೈಮಿಗೆ ಒಬ್ಬರೂ ಅಡ್ಡಿ ಮಾಡದೆ ಪಾಸ್ ಮಾಡ್ತು, ಕೆಳಮನೇಲಿ ಅದು ಓಟಿಗೇ ಬರಲಿಲ್ಲ. ಅವರು ಒಮ್ಮೆ ಮಾಡಿ ನೋಡಿದಾರೆ ಕೂಡ, ಪೆಟ್ರೋಲ್ ಬಿಕ್ಕಟ್ಟಿನ ಕಾಲದಲ್ಲಿ 1974ರ ಜನವರಿಯಿಂದ ವರ್ಷಪೂರ್ತಿ ಬೇಸಿಗೆ ಟೈಮ್ ಅಂತ. ಮಕ್ಕಳು ಕಗ್ಗತ್ತಲಲ್ಲಿ ಸ್ಕೂಲಿಗೆ ಹೋಗೋ ಹಾಗಾಗಿ ಅಪ್ಪ ಅಮ್ಮಂದಿರು ರೊಚ್ಚಿಗೆದ್ರು, ಅದೇ ವರ್ಷ ಅಕ್ಟೋಬರಲ್ಲಿ ವಾಪಸ್ ತಗೊಂಡ್ರು. ರಷ್ಯಾನೂ 2011ರಲ್ಲಿ ಕಾಯಂ ಬೇಸಿಗೆ ಅಂದು 2014ರಲ್ಲಿ ಸಾಕಪ್ಪ ಅಂತ ಕಾಯಂ ಚಳಿಗಾಲಕ್ಕೆ ಹೋಯ್ತು. ಬೆಳಿಗ್ಗೆ ಕತ್ತಲು ಯಾರಿಗೂ ಬೇಡ, ಸಂಜೆ ಬೆಳಕು ಎಲ್ಲರಿಗೂ ಬೇಕು, ಎರಡೂ ಒಟ್ಟಿಗೆ ಚಳಿಗಾಲದಲ್ಲಿ ಸಿಗಲ್ಲ. ಅದಕ್ಕೇ ಎಲ್ಲರೂ ತೆಗೀರಿ ಅಂತಾರೆ, ಯಾವುದನ್ನ ಉಳಿಸೋಣ ಅಂದಾಗ ಜಗಳ. ನಿದ್ರೆ ತಜ್ಞರ ಸಂಘದವರಂತೂ ಚಳಿಗಾಲದ ಟೈಮೇ ಕಾಯಂ ಆಗ್ಲಿ ಅಂತಾರೆ, ಮೈಗೆ ಹೊಂದೋದು ಅದೇ ಅಂತೆ.

ನಿಜವಾಗ್ಲೂ ಬಿಟ್ಟವರೂ ಇದಾರೆ. ಟರ್ಕಿ 2016, ಬ್ರೆಜಿಲ್ 2019, ಇರಾನ್, ಜೋರ್ಡಾನ್ 2022, ಅದೇ ವರ್ಷ ಮೆಕ್ಸಿಕೋ, ಅದೂ ಅಮೆರಿಕದ ಗಡಿ ಊರುಗಳನ್ನ ಬಿಟ್ಟು. ಈಜಿಪ್ಟ್ ಬಿಟ್ಟಿದ್ದು 2023ರಲ್ಲಿ ಮತ್ತೆ ಹಿಡ್ಕೊಂಡಿದೆ. ಮೊರಾಕ್ಕೊ 2018ರಿಂದ ವರ್ಷಪೂರ್ತಿ ಒಂದು ಗಂಟೆ ಮುಂದೆ, ರಂಜಾನ್ ತಿಂಗಳು ಮಾತ್ರ ಹಿಂದೆ, ರಂಜಾನ್ ವರ್ಷ ವರ್ಷ ಸರೀತಾ ಹೋಗೋದ್ರಿಂದ ಇದೂ ಸರೀತಾ ಹೋಗುತ್ತೆ. ಎಲ್ಲಕ್ಕಿಂತ ಗೋಳು ಲೆಬನಾನಿಂದು. 2023ರ ಮಾರ್ಚಲ್ಲಿ ಇನ್ನೇನು ಗಡಿಯಾರ ಮುಂದಿಡಬೇಕು ಅನ್ನುವಾಗ ಪ್ರಧಾನಿ ನಜೀಬ್ ಮಿಕಾತಿ 'ಈ ಸಲ ರಂಜಾನ್ ಮುಗೀಲಿ, ಆಮೇಲೆ' ಅಂದುಬಿಟ್ರು. ಅಲ್ಲಿನ ಕ್ರೈಸ್ತರ ಮಾರೊನೈಟ್ ಚರ್ಚು ನಾವು ಕೇಳಲ್ಲ ಅಂತು, ಕೆಲವು ಟಿವಿ ಚಾನೆಲ್ಲು, ಸ್ಕೂಲುಗಳು ಆ ಕಡೆ, ಸರ್ಕಾರಿ ಆಫೀಸು ಈ ಕಡೆ. ಒಂದೇ ಊರಲ್ಲಿ ಎರಡು ಟೈಮು, ಫೋನುಗಳು ಮೊದಲೇ ಒಳಗಿದ್ದ ತಾರೀಕು ನೋಡ್ಕೊಂಡು ತಮ್ಮ ಪಾಡಿಗೆ ಮುಂದೆ ಹೋದ್ವು, ಅಪಾಯಿಂಟ್‌ಮೆಂಟ್ ಕೊಡೋರು 'ಯಾವ ಟೈಮಿನ ಎಂಟು' ಅಂತ ಕೇಳೋ ಹಾಗಾಯ್ತು. ವಾರ ತುಂಬೋದ್ರೊಳಗೆ ಸರ್ಕಾರ ಸೋತು ಬುಧವಾರ ರಾತ್ರಿ ಎಲ್ಲರೂ ಮುಂದಿಡಿ ಅಂತು. ತಾರೀಕು ಮೊದ್ಲೇ ಹೇಳಿ, ಎಲ್ಲರೂ ಒಟ್ಟಿಗೆ ಮಾಡಿ, ಕೊನೇ ಗಳಿಗೇಲಿ ಬದಲಾಯಿಸಬೇಡಿ, ಇಷ್ಟು ಮಾಡಿದ್ರೆ ಹಾಸನದ ತಾಯಿಗೂ ಬೈರೂತಿನ ತಾಯಿಗೂ ಅರ್ಧ ತಲೆನೋವು ಇರಲ್ಲ.

ಪ್ರಶ್ನೆ: ಅಕ್ಕ ಶಿಕಾಗೋದಲ್ಲಿ ನರ್ಸ್, ರಾತ್ರಿ 11ರಿಂದ ಬೆಳಿಗ್ಗೆ 7 ಶಿಫ್ಟು. ನವೆಂಬರ್ ಮೊದಲ ಭಾನುವಾರ ಬೆಳಗಾಗೋ ಶನಿವಾರ ರಾತ್ರಿ ಒಂದು ಗಂಟೆ ಜಾಸ್ತಿ ದುಡೀಬೇಕಲ್ಲ, ದುಡ್ಡು ಕೊಡ್ತಾರಾ? (ಚಿಕ್ಕಮಗಳೂರು)

ಉತ್ತರ: ಕೊಡಲೇಬೇಕು. ಗಂಟೆ ಲೆಕ್ಕದ ಸಂಬಳ ಆದ್ರೆ ದುಡಿದ ಅಷ್ಟೂ ಗಂಟೆಗೆ ಕೊಡಬೇಕು ಅಂತ ಅಲ್ಲಿನ ಕಾರ್ಮಿಕ ಕಾನೂನೇ ಇದೆ. 11ರಿಂದ 7 ಅಂದ್ರೆ ಅವತ್ತು ಒಂಬತ್ತು ಗಂಟೆ, ವಾರದ ಲೆಕ್ಕ 40 ಗಂಟೆ ದಾಟಿದ್ರೆ ಆ ಹೆಚ್ಚಿನ ಗಂಟೆ ಓವರ್‌ಟೈಮಿಗೂ ಬರುತ್ತೆ, ಸ್ಲಿಪ್ ಬಂದಾಗ ನೋಡ್ಕೊಳ್ಳೋಕೆ ಹೇಳಿ. ಮಾರ್ಚಿನ ಆ ರಾತ್ರಿ ಅದೇ ಶಿಫ್ಟು ಏಳೇ ಗಂಟೆ, ಆಸ್ಪತ್ರೆಯವರು ಉದಾರ ಮನಸ್ಸು ಮಾಡದಿದ್ರೆ ಏಳಕ್ಕೇ ಸಂಬಳ.